ಮನೆಯೆದುರಿನ ಕಡಲಡಿಯ ಕಮರಿ

ಸರ್ವೆ ಹಡಗಿನಿಂದ,
ಮಂಗಳವಾರ

ದೋಣಿ ಎಂಜಿನ್ ರಿಪೇರಿಯ ಯಜಮಾನರಿಗೆ,

ನಾನು ಚೆನ್ನಾಗಿದ್ದೇನೆ. ನೀವೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಿ ಎಂದು ನಂಬುವ ಪ್ರಯತ್ನದಲ್ಲಿದ್ದೇನೆ. ನಿಮ್ಮ ಕಾಗದ ಬಂದರಿನಲ್ಲಿ ಕೈಸೇರಿತು. ನಾವು ಬೇರೆಯಾದ ಮೇಲೆ ನೀವು ಬರೆದ ಮೊದಲ ಕಾಗದ, ಅದರಲ್ಲೂ ಅರ್ಧ ಗ್ರೀಸಿನ ಬೆರಳ ಗುರುತು.

ನಿಮ್ಮೂರ ಬಂದರಿನ ಕಚೇರಿಯ ಗೋಡೆಯ ಮೇಲೆ ನಾನು ಬರೆದ ನಕ್ಷೆ ನೋಡಿದಿರಂತೆ. ನಿಮ್ಮ ಮನೆಯೆದುರೇ ಸಮುದ್ರದ ತಳ ಬಾಯಿ ಬಿಟ್ಟುಕೊಂಡಿದೆಯಂತೆ, ಕಡಿದಾದ ಪ್ರಪಾತವಂತೆ. ಮನೆ, ಶೆಡ್ಡು ಎರಡೂ ಅದರೊಳಗೆ ಜಾರುವುದಾದರೆ ಎಲ್ಲ ಕಟ್ಟಿಕೊಂಡು ನನ್ನಲ್ಲಿಗೇ ಬಂದುಬಿಡುತ್ತೇನೆ ಎಂದಿದ್ದೀರಿ. ನೀವು ಆ ಶೆಡ್ಡು ಬಿಡಲಿಲ್ಲ, ನಾನು ಹಡಗು ಬಿಡಲಿಲ್ಲ. ನಾವು ಬೇರೆಯಾದದ್ದೇ ಅದಕ್ಕೆ. ಹಾಗಾಗಿ ಉತ್ತರವನ್ನು ಎಚ್ಚರಿಕೆಯಿಂದ ಬರೆಯುತ್ತಿದ್ದೇನೆ.

ದಡದಿಂದ ಸ್ವಲ್ಪ ದೂರದವರೆಗೆ ಕಡಲ ತಳ ಹೆಚ್ಚುಕಡಿಮೆ ಸಮತಟ್ಟು. ಆಮೇಲೆ ಇಳಿಜಾರು. ಕಮರಿ ಇರುವುದು ಆ ಇಳಿಜಾರಿನಲ್ಲಿ. ನದಿ ಕೊರೆದದ್ದು ಎಂದು ನಿಮ್ಮ ಬೀದಿಯವರು ಹೇಳುತ್ತಾರೆ. ಕೆಲವು ಕಡೆ ಅದು ನಿಜವೇ, ಸಮುದ್ರದ ಮಟ್ಟ ತಗ್ಗಿದ್ದ ಕಾಲದಲ್ಲಿ ನದಿಗಳು ಇಳಿಜಾರಿನ ಅಂಚಿನವರೆಗೂ ಹರಿದಿದ್ದವು. ಇಲ್ಲಿ ನದಿಯ ಕೈವಾಡವಿಲ್ಲ. ಇಳಿಜಾರಿನ ನಡುವೆ ಎಲ್ಲೋ ಮಣ್ಣು ಕುಸಿಯಿತು. ಮೇಲಂಚಿಗೆ ಆಸರೆ ತಪ್ಪಿ ಅದೂ ಕುಸಿಯಿತು. ಹೀಗೆ ಕಮರಿ ಕೆಳಗಿನಿಂದ ಮೇಲಕ್ಕೆ, ದಡದ ಕಡೆಗೆ ಬೆಳೆಯಿತು. ಕುಸಿದ ಕೆಸರು ಪ್ರವಾಹವಾಗಿ ಇಳಿಯುತ್ತ ತಳವನ್ನು ಇನ್ನಷ್ಟು ತೋಡಿತು. ಈಗ ಅದು ಮೇಲೆ ಅಗಲ, ತಳದಲ್ಲಿ ಕಿರಿದು. ಎರಡೂ ಬದಿಗೆ ಸಣ್ಣ ಕೊರಕಲುಗಳು, ಕೊನೆಯಲ್ಲಿ ಬೀಸಣಿಗೆಯಂತೆ ಹರಡಿದ ಕೆಸರು.

ಇಷ್ಟು ಓದಿ ಗಂಟುಮೂಟೆ ಕಟ್ಟುತ್ತಿದ್ದರೆ ಸ್ವಲ್ಪ ತಡೆಯಿರಿ. ಗೋಡೆಗೆ ಹಾಕುವ ನಕ್ಷೆಯಲ್ಲಿ ನಾವು ಎತ್ತರ-ಆಳವನ್ನು ಮಾತ್ರ ಹತ್ತು ಪಟ್ಟು ಹಿಗ್ಗಿಸುತ್ತೇವೆ. ಇಲ್ಲದಿದ್ದರೆ ಹಾಳೆಯಲ್ಲಿ ಕಮರಿ ಸರಿಯಾಗಿ ಕಣ್ಣಿಗೇ ಬೀಳುವುದಿಲ್ಲ. ಹಿಗ್ಗಿಸಿದ್ದೇವೆಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತೇವೆ, ಯಾರೂ ಓದುವುದಿಲ್ಲ. ನೀವು ಹೆದರಿದ್ದು ನನ್ನ ಕೈಚಳಕಕ್ಕೆ.

ಹಡಗಿನ ಅಡುಗೆಯವರು ಹಿರಿಯರು, ನಮ್ಮ ಕಥೆಯೆಲ್ಲ ಬಲ್ಲವರು. ವಿಷಯ ಕೇಳಿ ನಕ್ಕರು. “ನಿಜ ಯಾಕಮ್ಮ ಹೇಳ್ತೀಯ? ಹೆದರ್ಕೊಂಡಾದ್ರೂ ಬರ್ಲಿ ಬಿಡು” ಅಂದರು. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ಬೀದಿಯಲ್ಲಿ ಬೇರೆ ಮನೆಗಳೂ ಇವೆ. ನಾನು ಹೂಂ ಎಂದರೆ ನೀವು ಊರಿಗೆಲ್ಲ ಡಂಗುರ ಸಾರುತ್ತೀರಿ.

ಈ ಸಲ ಮತ್ತೆ ಅಳೆದೆವು. ಕಮರಿಯ ಮೇಲ್ತುದಿ ಗಟ್ಟಿ ಬಂಡೆಗೆ ಬಂದು ನಿಂತಿದೆ. ಹಳೆಯ ಅಳತೆಗೂ ಈಗಿನದಕ್ಕೂ ವ್ಯತ್ಯಾಸವಿಲ್ಲ, ದಡವೂ ಅಲ್ಲಿಂದ ಬಹಳ ದೂರ. ನಿಮ್ಮ ಕಾಲದಲ್ಲಾಗಲಿ ನನ್ನ ಕಾಲದಲ್ಲಾಗಲಿ ಮನೆಗೆ ಏನೂ ಆಗುವುದಿಲ್ಲ. ನಿಶ್ಚಿಂತೆಯಿಂದ ಇರಿ.

ಇಂತಿ,
ನಕ್ಷೆ ಬರೆಯುವವಳು

ತಾ.ಕ.: ಮೇಲಿನದು ಕಚೇರಿಯ ಉತ್ತರ. ನಿಮ್ಮ ಕಾಗದ ಬರುವ ಮೊದಲೇ ನಾನು ದಡದ ಕೆಲಸ ಕೇಳಿ ಪಡೆದಿದ್ದೆ. ಇದು ನನ್ನ ಕೊನೆಯ ಹಡಗು. ಆ ಕೆಲಸದ ಊರಿನಲ್ಲಿ ಹಿಡಿದ ಬಾಡಿಗೆ ಮನೆಯ ಕೆಳಗಿನ ಗ್ಯಾರೇಜನ್ನೂ ತೆಗೆದುಕೊಂಡಿದ್ದೇನೆ. ನನಗಂತೂ ಕಾರಿಲ್ಲ. ಎಂಜಿನ್ ಇಳಿಸುವಷ್ಟು ಅಗಲವಿದೆ, ಅಲ್ಲಿಯೂ ದೋಣಿಗಳಿಗೆ ಬರವಿಲ್ಲ. ನೀವು ಬರಬೇಕಾದರೆ ಮನೆ ಬೀಳಲೇಬೇಕೇ?