ಅವ್ವ ಗುಡಿಸಿದ ಧೂಳು

ಅವ್ವಾ,

ನೀನು ಕಲಿತದ್ದು ನಾಲ್ಕನೇ ಇಯತ್ತೆವರೆಗೆ. ಓದುವಾಗ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದೆ. “ದುಂಡಗ ಬರೀ ಕಸ್ತೂರಿ, ಇರಿವಿ ಸಾಲಿನಂಗ ಬರದ್ರ ನನಗ ತಿಳಿಯಂಗಿಲ್ಲ” ಎಂದು ಬೈಯುತ್ತಿದ್ದೆ. ಅದಕ್ಕೇ ಇದನ್ನು ದುಂಡಗೆ ಬರೆಯುತ್ತಿದ್ದೇನೆ. ಹೇಳುವುದು ಬಹಳ ಇದೆ, ಅದರಲ್ಲಿ ಒಳ್ಳೆಯದು ಕಡಿಮೆ. ನಮ್ಮ ಬಡಿಗತನದ ಕೋಣೆಗೆ ಧೂಳು ಹೀರುವ ಮಿಷನ್ ಬಂದಿದೆ. ಅಲ್ಲಿಂದಲೇ ಶುರು ಮಾಡಲೇ?

ದನಗಳನ್ನು ಮಾರಿದ ವರ್ಷ ಅಪ್ಪ ಕೊಟ್ಟಿಗೆಯ ನೆಲ ಬಡಿದು ಗಟ್ಟಿ ಮಾಡಿ, ಅಲ್ಲಿ ತೊಟ್ಟಿಲು, ದೇವರ ಮಂಟಪ ಮಾಡಲು ಕುಳಿತದ್ದು ನೆನಪಾಗುತ್ತದೆ. ಆಗ ಎಲ್ಲವೂ ಕೈಕೆಲಸ. ಕಟ್ಟಿಗೆ ಹೆರೆಯುವ ರಂಧಾ ಹೊಡೆದಾಗ ಸಾಗವಾನಿಯಿಂದ ಸುರುಳಿ ಸುರುಳಿಯಾಗಿ ಸಿಪ್ಪೆ ಬೀಳುತ್ತಿತ್ತು. ನೀನು ಅದನ್ನು ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ ಬಚ್ಚಲ ಒಲೆಗೆ ಹಾಕುತ್ತಿದ್ದೆ. ಆಮೇಲೆ ಕರೆಂಟಿನ ಗರಗಸ, ಕರೆಂಟಿನ ರಂಧಾ ಬಂದವು, ಉಜ್ಜುವ ಮಿಷನ್ ಬಂತು, ಪ್ಲೈವುಡ್ ಬಂತು. ಸುರುಳಿ ಹೋಗಿ ಹಿಟ್ಟು ಬಂತು. ಅಡುಗೆಮನೆಯ ಗೋಡೆಯಾಚೆಯೇ ಆ ಕೋಣೆ. ತಾಟು ಒರೆಸಿದಷ್ಟೂ ಮತ್ತೆ ಮಂಕಾಗುತ್ತಿತ್ತು. “ಜ್ವಾಳದ ಹಿಟ್ಟ್ಯಾವ್ದು, ಕಟಗಿ ಹಿಟ್ಟ್ಯಾವ್ದು ತಿಳಿವಲ್ದು” ಎಂದು ನೀನು ನಗುತ್ತಿದ್ದೆ. ನಾವೂ ನಗುತ್ತಿದ್ದೆವು.

ಸಂಜೆ ಅಪ್ಪ ಕೈ ತೊಳೆಯಲು ಎದ್ದ ಕೂಡಲೇ ನೀನು ಕಸಬರಿಗೆ ಹಿಡಿದು ಒಳಗೆ ಹೋಗುತ್ತಿದ್ದೆ. ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಳ್ಳುತ್ತಿದ್ದೆ. ಗುಡಿಸಿದಷ್ಟೂ ಧೂಳು ಎದ್ದು ಹೊಗೆಯ ಹಾಗೆ ನಿಲ್ಲುತ್ತಿತ್ತು, ಅದರೊಳಗೆ ನೀನು ಕಾಣಿಸುತ್ತಲೇ ಇರಲಿಲ್ಲ. ನಾನು ಬಾಗಿಲಿಗೆ ಬಂದರೆ ಸಾಕು, “ನೀ ಹೊರಗ ನಿಂದರು, ಎದಿಗೆ ಹತ್ತತೈತಿ” ಎಂದು ಒಳಗಿನಿಂದ ನಿನ್ನ ದನಿ. ಯಾರ ಎದೆಗೆ ಅವ್ವಾ? ನಿನಗೆ ಗೊತ್ತಿತ್ತು. ಗೊತ್ತಿದ್ದೂ…

ಕೆಮ್ಮು ಶುರುವಾದಾಗ ಎಲ್ಲರೂ ಒಲೆಯ ಹೊಗೆ ಎಂದರು. ನಮ್ಮ ಮನೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಗಿತ್ತು. ಸವದತ್ತಿಯಲ್ಲಿ ಸಿರಪ್ ಕೊಟ್ಟರು, ಆಮೇಲೆ ಟಿಬಿ ಇರಬಹುದೆಂದು ಕಫ ಪರೀಕ್ಷೆ ಮಾಡಿಸಿದರು. ಏನೂ ಸಿಗಲಿಲ್ಲ. ಕೊನೆಗೆ ಬೆಳಗಾವಿಗೆ ಹೋದೆವಲ್ಲ, ಆ ದಿನ ನೀನು ಬಸ್ಸಿನ ಮೆಟ್ಟಿಲು ಹತ್ತುವಾಗಲೇ ಕಂಬಿ ಹಿಡಿದು ನಿಂತುಬಿಟ್ಟಿದ್ದೆ. ಡಾಕ್ಟರರು ಎಕ್ಸ್‌ರೇ ಬೆಳಕಿಗೆ ಹಿಡಿದು, “ಇವರು ದಿನಾ ಏನ್ ಕೆಲಸ ಮಾಡ್ತಾರ?” ಎಂದು ಕೇಳಿದರು.

ಅಪ್ಪ ಹೇಳಿದ: “ಏನಿಲ್ರೀ, ಮನ್ಯಾಗ ಇರತಾಳ.”

ನೀನು ಉಸಿರು ಸೇರಿಸಿಕೊಂಡು, “ಬಡಿಗತನದ ಕ್ವಾಣಿ ಕಸಾ ಹೊಡೀತೇನ್ರಿ” ಅಂದೆ.

“ಎಷ್ಟ ವರ್ಷದಿಂದ?”

“ಮಿಷನ್ ಬಂದಾಗಿಂದ. ಅದಕ್ಕೂ ಮೊದಲಿಂದ.”

ಡಾಕ್ಟರರು ಎಕ್ಸ್‌ರೇ ಕೆಳಗಿಟ್ಟರು. ಕಟ್ಟಿಗೆಯ ಸಣ್ಣ ಧೂಳು ವರ್ಷಗಟ್ಟಲೆ ಒಳಗೆ ಹೋಗಿ ಪುಪ್ಪುಸ ಗಟ್ಟಿಯಾಗಿದೆ, ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ ಎಂದರು. ಅಪ್ಪನಿಗೆ ಏನೂ ಆಗಿಲ್ಲವಲ್ಲ ಎಂದು ನಾನು ಕೇಳಿದೆ. “ಕೆಲವರಿಗೆ ಬೇಗ, ಕೆಲವರಿಗೆ ತಡಾ” ಎಂದರು. ಆ ಮಾತು ಆ ದಿನ ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ.

ಕೊನೆಯ ದಿನಗಳಲ್ಲಿ ನಿನ್ನ ಮಂಚದ ಪಕ್ಕ ಆಕ್ಸಿಜನ್ ಮಿಷನ್ ಗುಂಯ್ ಎನ್ನುತ್ತಿತ್ತು. ಅಪ್ಪ ಗರಗಸ ಬಂದ್ ಮಾಡಿ ಕುಳಿತಿದ್ದ. ಮನೋಳಿ ಊರಿನವರು ಹೇಳಿದ್ದ ತೊಟ್ಟಿಲು ಅರ್ಧಕ್ಕೆ ನಿಂತಿತ್ತು. ನೀನೇ ಅವನನ್ನು ಕರೆದು, “ಆ ಬಸರಿ ಹುಡಿಗಿಗೆ ದಿವಸ ತುಂಬ್ಯಾವ್ರಿ. ಕೂಸು ಎಲ್ಲಿ ಮಲಗ್ಬೇಕು? ಮುಗಸ್ರಿ” ಎಂದೆ. ಅವನು ಮುಗಿಸಿದ. ನಾವು ಬಾಗಿಲಿಗೆ ಒದ್ದೆ ಚಾದರ ಕಟ್ಟಿದೆವು. ಗೋಡೆಯ ಆಚೆ ಒಂದು ಮಿಷನ್ ಧೂಳು ಎಬ್ಬಿಸುತ್ತಿತ್ತು, ಈಚೆ ಒಂದು ಮಿಷನ್ ನಿನಗೆ ಉಸಿರು ಕೊಡುತ್ತಿತ್ತು. ತೊಟ್ಟಿಲು ಮನೋಳಿಗೆ ಹೋಯಿತು. ಮರುವಾರ ನಿನ್ನನ್ನು ಹೊಲದಲ್ಲಿ, ಬದುವಿನ ಹತ್ತಿರ, ಕೂಡಿಸಿ ಮಣ್ಣು ಕೊಟ್ಟರು.

ದಿನಕರ್ಮ ಮುಗಿದ ಮೇಲೆ ನಾನು ಬಡಿಗತನದ ಕೋಣೆಯ ಬಾಗಿಲು ತೆಗೆದೆ. ಯಾರೂ ಗುಡಿಸಿರಲಿಲ್ಲ. ಹೆಜ್ಜೆ ಇಟ್ಟಲ್ಲೆಲ್ಲ ಗುರುತು ಮೂಡಿತು. ಅಪ್ಪನಿಗೆ ವಯಸ್ಸಾಗಿದೆ, ಒಬ್ಬನೇ ಹಲಗೆ ಎತ್ತಲಾರ. ಕೆಲಸ ಬಿಡು ಎಂದರೆ ಬಿಡುವವನೂ ಅಲ್ಲ. ಎರಡು ಓಣಿ ಆಚೆ ಕೊಟ್ಟ ಮಗಳು ನಾನು. ಮುಂಜಾನೆ ಬಂದು ಅವನ ಜೊತೆ ಕೆಲಸ ಹಿಡಿದೆ. ನಿನ್ನ ಅಳಿಯ ಬೇಡ ಅನ್ನಲಿಲ್ಲ. “ಧೂಳಿಗೆ ಏನರೆ ದಾರಿ ಮಾಡು, ಆಮ್ಯಾಲೆ ಗರಗಸ ಹಿಡಿ” ಎಂದಷ್ಟೇ ಹೇಳಿದರು. ನಾನು ಧೂಳು ಹೀರುವ ಮಿಷನ್ನಿನ ಮಾತು ತೆಗೆದಾಗ ಅಪ್ಪ ರೊಟ್ಟಿ ತಿನ್ನುತ್ತಿದ್ದವನು ತಾಟು ಸರಿಸಿದ.

“ಅಕಿ ಇದ್ದಾಗ ತರಲಿಲ್ಲ. ಈಗ ಯಾರಿಗೆ ಬೇಕು?”

“ನನಗ ಬೇಕಪ್ಪಾ. ನಾ ಇನ್ನೂ ಉಸರಾಡಬೇಕಲ್ಲಾ.”

ಅವನು ನನ್ನನ್ನೇ ನೋಡಿದ. ಈಗ ತಂದರೆ, ಆಗಲೂ ತರಬಹುದಿತ್ತು ಎಂದು ತಾನೇ ಒಪ್ಪಿಕೊಂಡ ಹಾಗಾಗುತ್ತದೆ. ಅದೇ ಅವನಿಗೆ ನುಂಗಲಾರದ ತುತ್ತು. ನನಗೆ ಅರ್ಥವಾಗಿತ್ತು. ಆದರೂ ಬಿಡಲಿಲ್ಲ, ಅವನನ್ನೂ ಕರೆದುಕೊಂಡು ಹುಬ್ಬಳ್ಳಿಗೆ ಹೋದೆ.

ಹುಬ್ಬಳ್ಳಿಯ ಅಂಗಡಿಯಲ್ಲಿ ಮೊದಲು ತೋರಿಸಿದ್ದು ಡ್ರಮ್ಮಿನ ಮೇಲೆ ಮೋಟರ್ ಕೂಡಿಸಿದ ಸಣ್ಣದು. ಕೈಯಲ್ಲಿ ಹಿಡಿದು ಉಜ್ಜುವ ಮಿಷನ್ನಿಗೆ ಸಾಕು, ದೊಡ್ಡ ಗರಗಸ ಉಗುಳುವುದನ್ನು ಅದು ತಡೆಯಲಾರದು. ಎರಡನೆಯದು ದೊಡ್ಡ ಫ್ಯಾನು, ಮೇಲೆ ಬಟ್ಟೆಯ ಚೀಲ. ಅಂಗಡಿಯವನು ಚಾಲೂ ಮಾಡಿ ಪೈಪಿನ ಬಾಯಿಗೆ ಒಂದು ಬುಟ್ಟಿ ಹೊಟ್ಟು ಹಿಡಿದ. ಚೀಲ ಉಬ್ಬಿ ನಿಂತಿತು. ಅಪ್ಪನ ಮುಖವೂ ಅರಳಿತು. ನಾನು ಬಾಗಿಲ ಬಿಸಿಲಿನ ಕಡೆ ಹೋಗಿ ನಿಂತು ಚೀಲವನ್ನೇ ನೋಡಿದೆ. ಬಟ್ಟೆಯ ಎಳೆ ಎಳೆಯಿಂದ ಹೊಗೆಯಂಥದು ಹೊರಗೆ ಬರುತ್ತಿತ್ತು.

“ಅದೇನೂ ಆಗಂಗಿಲ್ರಿ ಅಕ್ಕಾರ, ಬರೇ ಸಣ್ಣ ಪುಡಿ” ಎಂದ.

“ಸಣ್ಣದಽ ಕೊಂದೈತ್ರಿ ನಮ್ಮವ್ವನ್ನ” ಎಂದೆ.

ಅವನು ಸ್ವಿಚ್ ಆರಿಸಿದ. ಆಮೇಲೆ ಮಾರುವ ದನಿ ಬಿಟ್ಟು ಮಾತಾಡಿದ. ಬಟ್ಟೆಯ ಚೀಲದ ಬದಲು ಮಡಿಕೆ ಮಡಿಕೆಯಾದ ಫಿಲ್ಟರ್ ಕೂಡಿಸಬಹುದು, ಮಿಷನ್ನನ್ನು ಹಿತ್ತಲ ಗೋಡೆಯ ಆಚೆ ತಗಡಿನ ಮಾಡಿನ ಕೆಳಗೆ ಇಡಬಹುದು, ಪೈಪು ಗಿಡ್ಡದಾಗಿ ನೆಟ್ಟಗೆ ಇರಲಿ, ತಿರುವು ಹೆಚ್ಚಾದಷ್ಟೂ ಎಳೆತ ಸಾಯುತ್ತದೆ ಎಂದ. ಮುಖ್ಯವಾಗಿ ಧೂಳನ್ನು ಅದು ಹುಟ್ಟುವಲ್ಲೇ, ಗರಗಸದ ಬಾಯಲ್ಲೇ ಹಿಡಿಯಬೇಕಂತೆ. ಒಮ್ಮೆ ಗಾಳಿಗೆ ಬಿದ್ದ ಮೇಲೆ ಯಾವ ಮಿಷನ್ನಿಗೂ ಪೂರ್ತಿ ಸಿಗುವುದಿಲ್ಲವಂತೆ. ನೀನು ಕಸಬರಿಗೆಯಿಂದ ಹಿಡಿಯಲು ಹೋಗುತ್ತಿದ್ದದ್ದು ಅದನ್ನೇ ಅಲ್ಲವೇ? ದೊಡ್ಡದನ್ನು ಫಿಲ್ಟರ್ ಸಮೇತ ತೆಗೆದುಕೊಂಡೆವು, ಉಜ್ಜುವ ಮಿಷನ್ನಿಗೆಂದು ಸಣ್ಣದೊಂದನ್ನೂ.

ಮಿಷನ್ ಕೂಡಿಸಿದ ದಿನ ಅಪ್ಪ ಗರಗಸವನ್ನು ಹಿತ್ತಲ ಗೋಡೆಗೆ ಸರಿಸಲು ತಾನೇ ಹೆಗಲು ಕೊಟ್ಟ. ಗೋಡೆ ಕೊರೆದು ಗರಗಸಕ್ಕೊಂದು, ಕರೆಂಟಿನ ರಂಧಾಕ್ಕೊಂದು ಪೈಪು ದಾಟಿಸಿದೆವು. ಒಂದೊಂದು ಪೈಪಿಗೂ ತೆಗೆದು ಮುಚ್ಚುವ ಹಲಗೆ ಅವನೇ ಮಾಡಿದ, ಒಂದು ನಡೆಯುವಾಗ ಇನ್ನೊಂದರ ಬಾಯಿ ಮುಚ್ಚಿರಲಿ ಎಂದು. ಆದರೂ ಮೂಗಿಗೆ ಮಾಸ್ಕ್ ಹಾಕಿಕೊಳ್ಳುತ್ತೇವೆ. ಅವನದನ್ನು ನಾನೇ ಕಟ್ಟಬೇಕು, ತಾನಾಗಿ ಕಟ್ಟಿಕೊಳ್ಳುವುದಿಲ್ಲ.

ಮೊದಲ ಸಲ, ಫಿಲ್ಟರಿನ ಕೆಳಗೆ ಧೂಳು ಬೀಳುವ ಚೀಲ ಖಾಲಿ ಮಾಡುವಾಗ ಅಪ್ಪ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕುಳಿತ. ಮೇಲೆ ಹೊಟ್ಟು, ಅದರ ಕೆಳಗೆ ಮೈದಾದಂಥ ಪುಡಿ. ಅದರಲ್ಲಿ ಮೊಣಕೈವರೆಗೆ ಕೈ ಇಳಿಸಿದ. ತೆಗೆದಾಗ ಕೈಯ ಕೂದಲೂ ಕಾಣಿಸಲಿಲ್ಲ.

“ಇಷ್ಟಽ ದಿನದಾಗ ಇಷ್ಟು?” ಎಂದ. “ಹಂಗಾದ್ರ ಅಕಿ ಇಷ್ಟ ವರ್ಷ…”

ಕೈಗೆ ಮೆತ್ತಿದ್ದ ಪುಡಿಯನ್ನು ಚೀಲಕ್ಕೆ ಉದುರಿಸಿದ. “ಡಾಕ್ಟರ್ ಮುಂದ ನಾ ‘ಏನಿಲ್ಲ, ಮನ್ಯಾಗ ಇರತಾಳ’ ಅಂದೆನಲ್ಲ ಕಸ್ತೂರಿ” ಎಂದ. ನಾನು ನೀರು ತಂದು ಅವನ ಕೈ ತೊಳೆದೆ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದೇ ಇತ್ತು.

ಹೋದ ಸೋಮವಾರ ಅಪ್ಪನನ್ನು ಬೆಳಗಾವಿಗೆ ಕರೆದುಕೊಂಡು ಹೋಗಿದ್ದೆ. ಮೆಟ್ಟಿಲು ಹತ್ತುವಾಗ ಅವನೂ ನಿಲ್ಲಲು ಶುರು ಮಾಡಿದ್ದ. ಅದೇ ಡಾಕ್ಟರರು. ಎಕ್ಸ್‌ರೇ ನೋಡಿ ನನ್ನನ್ನು ಹೊರಗೆ ಕರೆದರು. ಅವನ ಎದೆಯಲ್ಲೂ ಶುರುವಾಗಿದೆ ಅವ್ವಾ. ಕೋಣೆಯೊಳಗೆ ಇನ್ನು ಕಾಲಿಡಬಾರದಂತೆ, ಮಿಷನ್ ಇದ್ದರೂ. ಹೋದದ್ದು ಬರುವುದಿಲ್ಲ, ಉಳಿದದ್ದನ್ನಾದರೂ ಉಳಿಸಿಕೊಳ್ಳಬಹುದು ಎಂದರು. ನಾನು ಅವನಿಗೆ ಮುಚ್ಚಿಡಲಿಲ್ಲ. ಇನ್ನು ಕೊಯ್ಯುವುದು, ಉಜ್ಜುವುದು ನನ್ನ ಕೆಲಸ. ಅವನು ಅಂಗಳದಲ್ಲಿ ಕುಳಿತು ಹಲಗೆಗೆ ಗೆರೆ ಎಳೆದು ಕೊಡುತ್ತಾನೆ.

ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕುಳಿತಿದ್ದವನು, ಯರಗಟ್ಟಿ ದಾಟಿದ ಮೇಲೆ ನನ್ನ ಕೈ ಮುಟ್ಟಿದ.

“ಕಸ್ತೂರಿ, ಇದನ್ನ ಮನ್ಯಾಗ ನಿಮ್ಮವ್ವನ ಮುಂದ ಹೇಳಬ್ಯಾಡ. ಸುಮ್ಮನ ಹೆದರತಾಳ.”

ನೀನಿಲ್ಲವೆಂಬುದು ಅವನಿಗೆ ಆ ಗಳಿಗೆ ನೆನಪೇ ಇರಲಿಲ್ಲ ಅವ್ವಾ. ನಾನು “ಹೂಂ” ಎಂದೆ. ಹೇಳುವುದಿಲ್ಲ ಎಂದು ಮಾತು ಕೊಟ್ಟೂ ನಿನಗೆ ಹೇಳಿಬಿಟ್ಟೆ. ಹೆದರಬೇಡ. ನಾನು ಅವನ ಹತ್ತಿರ ಇದ್ದೇನೆ.

ನಿನ್ನ
ಕಸ್ತೂರಿ