ಸುಣ್ಣ ಹಚ್ಚಿದ ಕಲ್ಲು, ಜಜ್ಜಿದ ಕಾಲು

ದಾಂಡೇಲಿ, ೧೯೮೧

ರಕ್ಷಣಾ ತರಬೇತಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ದಾಂಡೇಲಿಯ ತರಬೇತಿಯಲ್ಲಿ ನಾನು ಎಡಗಾಲು ಕಳೆದುಕೊಂಡದ್ದು "ಸ್ವಯಂಸೇವಕನ ಸ್ವಂತ ಅಜಾಗರೂಕತೆಯಿಂದ" ಎಂದು ತಾವು ಪತ್ರಿಕೆಗೆ ಹೇಳಿಕೆ ಕೊಟ್ಟಿದ್ದೀರಿ. ಆಸ್ಪತ್ರೆಯ ಮಂಚದ ಮೇಲೆ ಅದನ್ನು ಓದಿದೆ. ಕಾಲು ಕತ್ತರಿಸುವಾಗ ನೋವಾಗದಂತೆ ಮದ್ದು ಕೊಟ್ಟಿದ್ದರು. ಇದನ್ನು ಓದುವಾಗ ಯಾರೂ ಏನೂ ಕೊಡಲಿಲ್ಲ.

ನಾನು ಮರದ ಲಾರಿ ಓಡಿಸುತ್ತಿದ್ದವನು. ಹಳಿಯಾಳದ ರಸ್ತೆಯಲ್ಲಿ ಲಾರಿ ಮಗುಚಿದಾಗ ನನ್ನ ಗೆಳೆಯ ಚನಬಸಪ್ಪ ಸ್ಟೇರಿಂಗಿಗೆ ಸಿಕ್ಕಿಕೊಂಡು, ನಾವೆಲ್ಲ ಸುತ್ತ ನಿಂತಿದ್ದಂತೆಯೇ ಸತ್ತ. ಬಿಡಿಸುವುದು ಹೇಗೆಂದು ಒಬ್ಬರಿಗೂ ತಿಳಿಯಲಿಲ್ಲ. ಹಾಗಾಗಿ, ಜಜ್ಜಿದ ಗಾಡಿಯಿಂದ ಮನುಷ್ಯರನ್ನು ಹೊರತೆಗೆಯಲು ಕಲಿಸುತ್ತೇವೆಂದು ತಾವು ಕರೆದಾಗ ಎಲ್ಲರಿಗಿಂತ ಮೊದಲು ಬಂದೆ. "ನಿಮ್ಮ ಜೀವಕ್ಕೆ ನಾನು ಹೊಣೆ" ಎಂದು ತಾವು ಭಾಷಣದಲ್ಲಿ ಹೇಳಿದಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ.

ಅಂದು ಇಳಿಜಾರಿನಲ್ಲಿ ಗುಜರಿ ಜೀಪು ನಿಂತಿತ್ತು. ನಾನು ಗಾಯಾಳುವಾಗಿ ಅದರ ಅಡಿಯಲ್ಲಿ ಮಲಗಬೇಕು, ಉಳಿದವರು ಜಾಕ್ ಕೊಟ್ಟು ಎತ್ತಿ ನನ್ನನ್ನು ಎಳೆಯಬೇಕು. ನಮ್ಮ ಪಡೆಯ ಮಿಂಗೇಲ್, ಚಿಗಳ್ಳಿಯವನು, ಕೇಳಿದ: "ಸರ, ಗಾಡಿ ಉರುಳದಂಗ ಗಾಲಿಗೆ ಕಲ್ಲು ಕೊಡೂಣೇನ್ರಿ?"

ಕಲ್ಲಿಗೇನು ಬರವೇ? ಸುತ್ತಲಿನ ಕಲ್ಲನ್ನೆಲ್ಲ ಆಯ್ದು, ಸುಣ್ಣ ಹಚ್ಚಿ, ತಾವು ನಡೆದುಬರುವ ದಾರಿಯ ಎರಡೂ ಬದಿಗೆ ಸಾಲಾಗಿ ಇಟ್ಟಿದ್ದರು. ತಮ್ಮ ತರಬೇತುದಾರರು, "ಇನ್ನೂ ಹಸಿ ಐತಿ, ಮುಟ್ಟಬ್ಯಾಡ್ರಿ. ಸಾಹೇಬ್ರು ಬಂದು ಹೋಗ್ಲಿ" ಎಂದರು. ತಾವು ಬಂದಿರಿ, ಹಾರ ಹಾಕಿಸಿಕೊಂಡಿರಿ, ಶುರುಮಾಡಿ ಎಂದು ಕೈ ಎತ್ತಿದಿರಿ. ನಾನು ಅಡಿಯಲ್ಲಿ ಮಲಗಿದೆ, ಅವರು ಜಾಕ್ ಎತ್ತಿದರು, ಕಲ್ಲು ಕೊಡದ ಗಾಡಿ ಜಾಕಿನಿಂದ ಜಾರಿ ನನ್ನ ಕಾಲ ಮೇಲೆ ಹರಿಯಿತು.

ಮಿಂಗೇಲ್ ನನ್ನನ್ನು ಹೊರಗೆಳೆದು ಹೊತ್ತೊಯ್ಯುವಾಗ ತಮ್ಮ ಸ್ವಂತ ಜೀಪು ಕಣ್ಣಿಗೆ ಬಿತ್ತು. ಅದರ ಗಾಲಿಗಳಿಗೆ ಬೆಳ್ಳಗಿನ ಕಲ್ಲು ಕೊಟ್ಟಿತ್ತು. ಯಾರೂ ಕೂತಿರದ ಗಾಡಿಗೆ ಸಾಲಿನಿಂದ ಕಲ್ಲು ತೆಗೆಯಬಹುದು, ಮನುಷ್ಯ ಮಲಗಿದ ಗಾಡಿಗೆ ತೆಗೆದರೆ ಶೋಭೆ ಕೆಡುತ್ತದೆಯೇ? ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಮಾತು ಕೇಳಿದ್ದೆ. ಅಂದು ಕಂಡೆ.

ನನ್ನ ಹೆಂಡತಿ ಶಂಕ್ರೆವ್ವ ದಿನವೂ ಹಾಸಿಗೆಯ ಚಾದರ ಬದಲಿಸುತ್ತಿದ್ದಳು. "ಹೊಣೆ ಅಂತ ಅಂದಾರ, ನೋಡಾಕ ಬಂದ ಬರ್ತಾರ" ಎನ್ನುತ್ತಿದ್ದಳು. ತಾವು ಬರಲಿಲ್ಲ, ತಮ್ಮ ಹೇಳಿಕೆ ಬಂತು. ಕಾಲು ಹೋದದ್ದಕ್ಕಿಂತ, ನಂಬಿ ಕೆಟ್ಟೆನಲ್ಲ ಎಂಬುದೇ ನನ್ನನ್ನು ಸುಡುತ್ತಿದೆ.

ಮುಂದಿನ ತಿಂಗಳು ಹಳಿಯಾಳದಲ್ಲಿ ಅದೇ ಜೀಪು, ಅದೇ ತರಬೇತಿಯಂತೆ. ಮಲಗುವವನು ಮಿಂಗೇಲ್. ಹೋಗಬೇಡ ಎಂದೆ. "ನಾ ಒಲ್ಲೆ ಅಂದ್ರ ಮತ್ತೊಬ್ಬನ್ನ ಮಲಗಸ್ತಾರ, ಅಣ್ಣಾ" ಎಂದ.

ಆ ಹೇಳಿಕೆಯನ್ನು ಹಿಂದಕ್ಕೆ ಪಡೆಯುವುದು ತಮ್ಮ ಆತ್ಮಸಾಕ್ಷಿಗೆ ಬಿಟ್ಟದ್ದು. ಇದನ್ನು ಮಾತ್ರ ಬಿಡಲಾರೆ: ಮಿಂಗೇಲ್ ಮಲಗುವ ಮೊದಲು ನಾಲ್ಕೂ ಗಾಲಿಗೆ ಕಲ್ಲು ಕೊಡಿಸಿ, ತಾವೇ ಬಗ್ಗಿ ಅವನ್ನು ಅಲುಗಾಡಿಸಿ ನೋಡಬೇಕು. ಕೈಗೆ ಸುಣ್ಣ ಹತ್ತಿದರೆ ತೊಳೆದುಕೊಳ್ಳಬಹುದು.

ಇಂತಿ,
ತಾವು ಹೊಣೆ ಹೊತ್ತ ಜೀವಗಳಲ್ಲಿ ಒಂದು,
ಮಹಾಂತಪ್ಪ, ಹಿಂದೆ ಲಾರಿ ಓಡಿಸುತ್ತಿದ್ದವನು