ಲಿಫ್ಟ್ ಮೆಕ್ಯಾನಿಕನ ಚೀಟಿ

ತರಬೇತಿಯ ಮೇಡಂ ಅವರಿಗೆ ನಮಸ್ಕಾರ.

ಭಾವನೆ ಅರಿಯುವ ನಿಮ್ಮ ಮೂರು ದಿನದ ತರಬೇತಿಯಿಂದ ಪ್ರಯೋಜನವಾಯಿತೇ ಎಂದು ಬರೆದು ತಿಳಿಸಲು ಹೇಳಿದ್ದಿರಿ. ಮನೆಯ ವಿಷಯವನ್ನೇ ಬರೆಯುತ್ತೇನೆ.

ನನ್ನ ಹೆಂಡತಿ ಮೂವತ್ತು ವರ್ಷ ಟೀಚರಾಗಿದ್ದಳು. ನಿವೃತ್ತಿಯ ದಿನ ಅಳುತ್ತಾ ಬಂದವಳಿಗೆ ನಾನು, "ಒಳ್ಳೇದೇ ಆಯ್ತು ಬಿಡು, ಬೆಳಗ್ಗೆ ನಮ್ಮ ಬಿಲ್ಡಿಂಗ್ ಲಿಫ್ಟಿಗೆ ಒಬ್ಬರ ಭಾರ ಕಡಿಮೆ" ಎಂದೆ. ಎಂಟು ದಿನ ಅವಳು ನನ್ನೊಡನೆ ಮಾತಾಡಲಿಲ್ಲ.

ತರಬೇತಿ ಮುಗಿದ ಸಂಜೆ, ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಹೇಳಲೆಂದು ನೀವು ಕೊಟ್ಟ ಚೀಟಿಯನ್ನು ತೆಗೆದು, ಕನ್ನಡಕ ಹಾಕಿಕೊಂಡು ಅವಳೆದುರು ಓದಿದೆ: "ತಮಗೆ ಈಗ ಏನನ್ನಿಸುತ್ತಿದೆ? ಗಾಬರಿಯಾಗಬೇಡಿ, ನಾನು ಇಲ್ಲೇ ಇದ್ದೇನೆ."

"ಅಯ್ಯೋ, ನಾನೇನು ಲಿಫ್ಟಲ್ಲಿ ಸಿಕ್ಕಾಕೊಂಡಿದೀನಾ?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ, "ಹೌದು ಕಣ್ರೀ, ಹಾಗೇ ಅನ್ನಿಸ್ತಿದೆ" ಎಂದು ಮಾತು ಶುರು ಮಾಡಿದವಳು ಊಟದ ಹೊತ್ತು ಮೀರಿದರೂ ನಿಲ್ಲಿಸಲಿಲ್ಲ. ನಾನು ಕೇಳಿಸಿಕೊಳ್ಳುತ್ತಾ ಕುಳಿತೆ. ಆದ್ದರಿಂದ ಪ್ರಯೋಜನವಾಗಿದೆ.

ಒಂದು ವಿನಂತಿ. ಚೀಟಿ ಈಗ ಅವಳ ಕೈಯಲ್ಲಿದೆ. ದಿನಾ ಸಂಜೆ ನಾನು ಮನೆಗೆ ಬಂದ ಕೂಡಲೇ ಕನ್ನಡಕ ಹಾಕಿಕೊಂಡು ನನಗೇ ಓದುತ್ತಾಳೆ. "ಖುಷಿಯಾಗಿದೆ" ಎನ್ನುವುದು ಬಿಟ್ಟು ನನಗೆ ಬೇರೆ ಉತ್ತರ ಹೊಳೆಯುತ್ತಿಲ್ಲ. ಉತ್ತರಗಳ ಚೀಟಿಯೂ ಇದ್ದರೆ ದಯವಿಟ್ಟು ಕಳುಹಿಸಿಕೊಡಿ.

ಇಂತಿ,
ಹಿಂದಿನ ಬೆಂಚಿನ ನಿಮ್ಮ ವಿದ್ಯಾರ್ಥಿ